ಹುಟ್ಟುವ ಮೊದಲೇ ಯುದ್ಧ ಗೆದ್ದ ಹಡಗು

ಡಿಸೆಂಬರ್ 4ರ ನೌಕಾಪಡೆ ದಿನ ಬಂದಿತೆಂದರೆ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ವಿಶ್ರಾಂತಿ ಪಡೆಯುತ್ತಿರುವ ಐಎನ್‌ಎಸ್ ಚಾಪೆಲ್ ಯುದ್ಧನೌಕೆಯ ಚಿತ್ರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ತೇಲತೊಡಗುತ್ತದೆ. ಅದರ ಕೆಳಗೆ 1971ರಲ್ಲಿ ಕರಾಚಿಯನ್ನು ನಡುಗಿಸಿದ ವೀರ ನೌಕೆ ಇದೇ ಎಂಬ ಒಕ್ಕಣೆ ಇರುತ್ತದೆ. ಪ್ರವಾಸಿಗರಿಗೆಂದು ಬರೆದ ಎಷ್ಟೋ ಬರಹಗಳೂ ಇದನ್ನೇ ಭಕ್ತಿಯಿಂದ ಒಪ್ಪಿಸುತ್ತವೆ. ಒಂದೇ ಒಂದು ಸಣ್ಣ ತೊಡಕೆಂದರೆ, ಚಾಪೆಲ್ ನಮ್ಮ ನೌಕಾಪಡೆಗೆ ಸೇರಿದ್ದು 1976ರ ನವೆಂಬರ್ ತಿಂಗಳಲ್ಲಿ. ಯುದ್ಧ ಮುಗಿದು, ಬಾಂಗ್ಲಾದೇಶ ಹುಟ್ಟಿ, ಶಿಮ್ಲಾ ಒಪ್ಪಂದಕ್ಕೆ ಸಹಿ ಬಿದ್ದು, ತುರ್ತು ಪರಿಸ್ಥಿತಿಯೂ ಬಂದು ವರ್ಷ ಕಳೆದ ಮೇಲೆ.

ಇಂಥ ಪರಾಕ್ರಮ ನಮ್ಮ ಪುರಾಣಗಳಲ್ಲಿಯೂ ಇಲ್ಲ. ಅಭಿಮನ್ಯು ತಾಯಿಯ ಗರ್ಭದಲ್ಲಿದ್ದಾಗ ಚಕ್ರವ್ಯೂಹವನ್ನು ಹೊಗುವ ವಿದ್ಯೆಯನ್ನಷ್ಟೇ ಕಲಿತ, ಹೊರಬರುವ ವಿದ್ಯೆಯನ್ನು ಕೇಳಿಸಿಕೊಳ್ಳುವ ಮೊದಲೇ ಕಥೆ ನಿಂತುಹೋಯಿತು. ನಮ್ಮ ಚಾಪೆಲ್ ಆದರೋ ಗರ್ಭಕ್ಕೆ ಬರುವ ಮೊದಲೇ ವ್ಯೂಹವನ್ನು ಹೊಕ್ಕು, ಕರಾಚಿಯ ಎಣ್ಣೆಯ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ, ಸುರಕ್ಷಿತವಾಗಿ ಹೊರಬಂದು, ಐದು ವರ್ಷ ತಡವಾಗಿ ಹುಟ್ಟಿ, 2005ರ ಮೇ ತಿಂಗಳಲ್ಲಿ ನಿವೃತ್ತಿಯನ್ನೂ ಪಡೆಯಿತು. ಸೇವಾ ಜ್ಯೇಷ್ಠತೆಯ ಪಟ್ಟಿಯಲ್ಲಿ ಇಂಥವರನ್ನು ಎಲ್ಲಿ ಸೇರಿಸಬೇಕೆಂದು ಸರ್ಕಾರಿ ನೌಕರರ ಸಂಘದವರನ್ನೇ ಕೇಳಬೇಕು.

ಈ ಸುಳ್ಳಿನಿಂದ ಆದ ನಷ್ಟ ಚಾಪೆಲ್‌ಗಲ್ಲ, ನಿಜಕ್ಕೆ. ನಿಜವಾದ ಕಥೆ ಈ ಒಕ್ಕಣೆಗಿಂತ ಎಷ್ಟೋ ಪಾಲು ಸ್ವಾರಸ್ಯಕರವಾಗಿದೆ. 1971ರಲ್ಲಿ ಕರಾಚಿಯ ಮೇಲೆ ಎರಗಿದ್ದು ಸೋವಿಯತ್ ಒಕ್ಕೂಟದಿಂದ ತರಿಸಿದ ನಮ್ಮ ಮೊದಲ ಕ್ಷಿಪಣಿ ದೋಣಿಗಳು. ಅವುಗಳನ್ನು ಇಳಿಸುವಷ್ಟು ಬಲವಾದ ಕ್ರೇನು ಮುಂಬಯಿಯಲ್ಲಿ ಇರಲಿಲ್ಲವಾದ್ದರಿಂದ ಕಲ್ಕತ್ತೆಯಲ್ಲಿ ಇಳಿಸಿ, ಅಲ್ಲಿಂದ ಸಮುದ್ರದಲ್ಲಿ ಎಳೆದುಕೊಂಡು ಮುಂಬಯಿಗೆ ತರಲಾಯಿತು. ಬಂದರಿನ ಆಸುಪಾಸಿನಲ್ಲಿ ಕಾವಲು ಕಾಯಲೆಂದು ರೂಪಿಸಿದ ದೋಣಿಗಳವು. ವೇಗವಿತ್ತು, ಏಟಿನಲ್ಲಿ ಬಲವಿತ್ತು, ಆದರೆ ದೂರ ಹೋಗುವ ಕಸುವು ಇರಲಿಲ್ಲ. ಎಳೆದುಕೊಂಡು ಬಂದದ್ದನ್ನು ಎಳೆದುಕೊಂಡು ಹೋಗಲೂಬಹುದಲ್ಲವೇ ಎಂದು ನಮ್ಮವರು ಯೋಚಿಸಿದರು. 1971ರ ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಪುಟ್ಟ ದೋಣಿಗಳು ಕಿಲ್ತಾನ್, ಕಚ್ಚಲ್ ಎಂಬ ಎರಡು ದೊಡ್ಡ ನೌಕೆಗಳ ಬೆಂಗಾವಲಿನಲ್ಲಿ ಕರಾಚಿಯ ಸಮೀಪ ಹೋಗಿ ಪಿಎನ್‌ಎಸ್ ಖೈಬರ್ ಎಂಬ ವಿಧ್ವಂಸಕ ನೌಕೆಯನ್ನು ಮುಳುಗಿಸಿದವು. ಶತ್ರುವಿಗೆ ತಿಳಿಯದಿರಲೆಂದು ನಮ್ಮ ಅಧಿಕಾರಿಗಳು ರೇಡಿಯೊದಲ್ಲಿ ರಷ್ಯನ್ ಭಾಷೆಯಲ್ಲಿ ಮಾತನಾಡಿಕೊಂಡರೆಂಬುದು ನೌಕಾಪಡೆಯವರು ಇಂದಿಗೂ ಹಿಗ್ಗಿನಿಂದ ಹೇಳುವ ಸಂಗತಿ. ಚಾಪೆಲ್ ಆ ದೋಣಿಗಳ ವಂಶದ ಮುಂದಿನ ತಲೆಮಾರು. ಹಾಗೆಂದು ಒಂದು ಫಲಕದಲ್ಲಿ ಬರೆದರೆ ಅದರ ಮಾನವೇನೂ ಹೋಗುವುದಿಲ್ಲ. ಆದರೆ ಅಣ್ಣಂದಿರ ಸಾಹಸವನ್ನು ತಮ್ಮನ ಹೆಸರಿಗೆ ಖಾತೆ ಬದಲಾವಣೆ ಮಾಡಿಸುವುದರಲ್ಲಿ ನಮಗಿರುವ ಉತ್ಸಾಹ, ಆ ಅಣ್ಣಂದಿರ ಹೆಸರುಗಳನ್ನು ನೆನಪಿಟ್ಟುಕೊಳ್ಳುವುದರಲ್ಲಿ ಇಲ್ಲ.

ವರ್ಷಕ್ಕೊಮ್ಮೆ ಈ ಸ್ತುತಿಪಾಠ ನಡೆಯುವಂತೆ, ಮಳೆಗಾಲ ಕಳೆದು ಪ್ರವಾಸಿಗರು ಬರುವ ಹೊತ್ತಿಗೆ ಇನ್ನೊಂದು ಸುದ್ದಿ ಅಷ್ಟೇ ನಿಷ್ಠೆಯಿಂದ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಯುದ್ಧನೌಕೆಗೆ ತುಕ್ಕು, ನಿರ್ವಹಣೆಯ ಕೊರತೆ, ದುರಸ್ತಿಗೆ ಶೀಘ್ರ ಕ್ರಮ ಎಂಬ ತಲೆಬರಹಗಳನ್ನು ಕಾರವಾರದ ಓದುಗರು ಕಣ್ಣು ಮುಚ್ಚಿಕೊಂಡು ಹೇಳಬಲ್ಲರು. ಉಕ್ಕಿನ ಹಡಗು ಉಪ್ಪುಗಾಳಿಯಲ್ಲಿ ನಿಂತರೆ ತುಕ್ಕು ಹಿಡಿಯುತ್ತದೆ ಎಂಬುದು ನಮ್ಮ ಆಡಳಿತಕ್ಕೆ ಪ್ರತಿ ಸಲವೂ ಹೊಸ ಸಂಶೋಧನೆ. ಅದೇ ಹಡಗು ನೀರಿನಲ್ಲಿದ್ದಾಗ ನಾವಿಕರು ತುಕ್ಕನ್ನು ಕೆರೆಯುವುದು, ಬಣ್ಣ ಬಳಿಯುವುದು, ಮತ್ತೆ ಕೆರೆಯುವುದು ಎಂದು ದಿನಚರಿಯಂತೆ ಮಾಡುತ್ತಿದ್ದುದರಿಂದಲೇ ಅದು ಇಪ್ಪತ್ತೆಂಟು ವರ್ಷ ತೇಲಿತು. ದಡಕ್ಕೆ ಬಂದ ಮೇಲೆ ಆ ಕೆಲಸ ದಿನಚರಿಯಿಂದ ಕಡತಕ್ಕೆ ವರ್ಗವಾಯಿತು. ಹಡಗು ಕೊಟ್ಟದ್ದು ನೌಕಾಪಡೆ, ನೋಡಿಕೊಳ್ಳಬೇಕಾದದ್ದು ಜಿಲ್ಲಾಡಳಿತ, ಹೊಗಳಿಕೊಳ್ಳುವುದು ಪ್ರವಾಸೋದ್ಯಮ. ಇವರೆಲ್ಲರೂ ಒಟ್ಟಾಗಿ ಸೇರುವುದು ಉದ್ಘಾಟನೆಯ ದಿನ ಮಾತ್ರ. ಒಳಗೆ ಕ್ಯಾಪ್ಟನ್ನನ ಗೊಂಬೆ, ವೈದ್ಯರ ಗೊಂಬೆ, ನಾವಿಕರ ಗೊಂಬೆಗಳಿವೆ. ಸಮವಸ್ತ್ರ ತೊಟ್ಟು, ಬಿಸಿಲು ಮಳೆಯೆನ್ನದೆ, ರಜೆ ಭತ್ಯೆಗಳನ್ನು ಕೇಳದೆ ಕರ್ತವ್ಯದಲ್ಲಿರುವ ಸಿಬ್ಬಂದಿಯೆಂದರೆ ಅವರೇ. ಬಣ್ಣದ ಡಬ್ಬಿ ಹಿಡಿದ ಒಂದು ಗೊಂಬೆಯನ್ನೂ ಇಟ್ಟಿದ್ದರೆ ನಿರ್ವಹಣೆಯೂ ನಡೆಯುತ್ತಿದೆಯೆಂದು ವರದಿ ಕಳಿಸಬಹುದಿತ್ತು.

ಹಡಗಿನ ಹತ್ತಿರದಲ್ಲಿಯೇ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯಿದೆ. ಕಾರವಾರದ ಹತ್ತಿರದ ಚೆಂಡಿಯಾದವರು, ಜೀವಂತವಿರುವಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಯ ದಾರಿಯಲ್ಲಿ, ಗಾಯಗೊಂಡಿದ್ದರೂ, ಗುಂಡಿನ ಸುರಿಮಳೆಯ ನಡುವೆ ನೆಲಬಾಂಬುಗಳನ್ನು ಕಿತ್ತು, ಉರುಳಿಸಿದ ಮರಗಳನ್ನು ಸರಿಸಿ, ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟವರು. ಈ ಸಾಹಸಕ್ಕೆ ಇಸವಿಯನ್ನು ತಿದ್ದುವ ಅಗತ್ಯವಿಲ್ಲ, ಪಕ್ಕದ ಮನೆಯವರಿಂದ ಯುದ್ಧವನ್ನು ಕಡ ತರುವ ಅಗತ್ಯವೂ ಇಲ್ಲ. ಆದರೂ ಸೆಲ್ಫಿಗೆ ಜನ ನಿಲ್ಲುವುದು ಕ್ಷಿಪಣಿಯ ಮುಂದೆ. ಇರಲಿ, ಕ್ಷಿಪಣಿ ದೊಡ್ಡದಾಗಿ ಕಾಣುತ್ತದೆ.

ಚಾಪೆಲ್‌ಗೆ ಈಗ ಒಬ್ಬ ಜೊತೆಗಾರನೂ ಬಂದಿದ್ದಾನೆ. ಟುಪೊಲೆವ್-142 ಎಂಬ ಕಣ್ಗಾವಲು ವಿಮಾನ ತಮಿಳುನಾಡಿನ ಅರಕ್ಕೋಣಂನಲ್ಲಿ ನಿವೃತ್ತವಾದದ್ದು 2017ರಲ್ಲಿ, ಕಾರವಾರ ತಲುಪಿದ್ದು 2023ರಲ್ಲಿ. ಗಂಟೆಗೆ ಎಂಟುನೂರು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಹಾರಬಲ್ಲ ವಿಮಾನ ಅದು. ಪತ್ರವ್ಯವಹಾರದ ರೆಕ್ಕೆ ಕಟ್ಟಿಕೊಂಡು ಬಂದುದರಿಂದ ಆರು ವರ್ಷ ಹಿಡಿಯಿತು.

ಆದರೆ ದೇಶದ ಬೇರೆ ಹಡಗುಗಳಿಗೆ ಒದಗಿದ ಗತಿಯನ್ನು ನೋಡಿದರೆ ಚಾಪೆಲ್ ಪುಣ್ಯ ಮಾಡಿತ್ತೆಂದೇ ಹೇಳಬೇಕು. 1971ರಲ್ಲಿ ನಿಜವಾಗಿಯೇ ಯುದ್ಧ ಮಾಡಿದ, ಬಂಗಾಳ ಕೊಲ್ಲಿಯಿಂದ ವಿಮಾನಗಳನ್ನು ಕಳಿಸಿ ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರ್‌ಗಳ ಮೇಲೆ ದಾಳಿ ನಡೆಸಿದ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಾಂತ್ 1997ರ ಜನವರಿಯಲ್ಲಿ ನಿವೃತ್ತವಾಗಿ, ಕೆಲವು ವರ್ಷ ಮುಂಬಯಿಯಲ್ಲಿ ತೇಲುವ ವಸ್ತುಸಂಗ್ರಹಾಲಯವಾಗಿತ್ತು. ಸುರಕ್ಷಿತವಲ್ಲವೆಂದು 2012ರಲ್ಲಿ ಬಾಗಿಲು ಮುಚ್ಚಿತು. ಸಂಸತ್ತಿನಲ್ಲಿ ಪ್ರಶ್ನೆ ಕೇಳಿದವರು, ನ್ಯಾಯಾಲಯದ ಮೆಟ್ಟಿಲು ಹತ್ತಿದವರು, ಉಳಿಸಿ ಉಳಿಸಿ ಎಂದು ಬೀದಿಯಲ್ಲಿ ಡಬ್ಬಿ ಅಲ್ಲಾಡಿಸಿದವರು ಎಲ್ಲರೂ ಇದ್ದರು. ಕೊನೆಗೆ 2014ರಲ್ಲಿ ಅದು ಸುಮಾರು 60 ಕೋಟಿ ರೂಪಾಯಿಗೆ ಗುಜರಿಗೆ ಹೋಯಿತು. ದೇಶಭಕ್ತಿ ಎಷ್ಟು ಚುರುಕೆಂದರೆ, ಒಡೆದ ಉಕ್ಕಿನ ಒಂದಿಷ್ಟನ್ನು ಬಜಾಜ್ ಕಂಪನಿ ಕೊಂಡು, ಕರಗಿಸಿ, 2016ರಲ್ಲಿ ವಿ ಎಂಬ ಹೆಸರಿನ ಮೋಟಾರ್ ಸೈಕಲ್ ತಂದಿತು. ಆಗಿನ ಬೆಲೆ 62 ಸಾವಿರ ರೂಪಾಯಿ. ನೌಕೆಯನ್ನು ನೋಡಲು ಟಿಕೆಟ್ ಕೊಳ್ಳಲಾರದ ದೇಶ ಅದರ ತುಣುಕಿನ ಮೇಲೆ ಕುಳಿತು ತರಕಾರಿ ತರಲು ಕಂತಿನಲ್ಲಿ ಹಣ ಕಟ್ಟಿತು. ಕಂಪನಿಯವರನ್ನು ದೂರುವಂತಿಲ್ಲ. ಅವರು ಉಕ್ಕನ್ನು ಉಕ್ಕಿನಂತೆ ಬಳಸಿದರು. ಅದನ್ನು ಮೊದಲು ಬರಿಯ ಉಕ್ಕೆಂದು ತೂಗಿ ಕೊಟ್ಟವರು ಬೇರೆಯವರು.

ಇನ್ನೊಂದು ವಿಮಾನವಾಹಕ ನೌಕೆ ವಿರಾಟ್‌ನ ಕಥೆ ಇನ್ನೂ ಸೊಗಸು. ಬ್ರಿಟಿಷರ ಬಳಿ ಹರ್ಮಿಸ್ ಆಗಿದ್ದು, 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಮುಂಚೂಣಿಯಲ್ಲಿ ನಿಂತು, 1987ರಿಂದ 2017ರವರೆಗೆ ನಮ್ಮ ಸೇವೆ ಮಾಡಿದ ನೌಕೆ ಅದು. 2018ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಸಚಿವ ಸಂಪುಟ ಅದನ್ನು ಸಿಂಧುದುರ್ಗದ ನಿವತಿಯ ಬಳಿ ವಸ್ತುಸಂಗ್ರಹಾಲಯ ಮಾಡಲು 852 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೋಟೆಲ್ ಇರುತ್ತದೆ, ಸಾಹಸ ಕ್ರೀಡೆಗಳ ಕೇಂದ್ರ ಇರುತ್ತದೆ ಎಂದೆಲ್ಲ ಹೇಳಲಾಯಿತು. ಎಲ್ಲವೂ ಇತ್ತು, ಹಣ ಹಾಕುವವರೊಬ್ಬರನ್ನು ಬಿಟ್ಟು. 2020ರಲ್ಲಿ 38.54 ಕೋಟಿಗೆ ಹರಾಜಾಗಿ ಅದು ಗುಜರಾತಿನ ಅಲಂಗ್ ತಲುಪಿತು. ಎಂಟುನೂರು ಕೋಟಿಯ ಕನಸನ್ನು ಎರಡು ವರ್ಷದೊಳಗೆ ಮೂವತ್ತೆಂಟು ಕೋಟಿಯ ಜಮೆಯನ್ನಾಗಿ ಪರಿವರ್ತಿಸಿದ ಈ ಜಾಣತನವನ್ನು ವ್ಯವಹಾರ ನಿರ್ವಹಣೆಯ ಕಾಲೇಜುಗಳಲ್ಲಿ ಪಾಠ ಮಾಡಬೇಕು.

ವಿರಾಟ್ ಕಟ್ಟಿದ್ದು ಇಂಗ್ಲೆಂಡಿನ ಬ್ಯಾರೋ ಎಂಬ ಊರಿನ ವಿಕರ್ಸ್ ಹಡಗುಕಟ್ಟೆಯಲ್ಲಿ. ಅದೇ ಕಟ್ಟೆಯಲ್ಲಿ ಅದಕ್ಕಿಂತ ಅರ್ಧ ಶತಮಾನದಷ್ಟು ಹಿಂದೆ ಜಪಾನಿಗಾಗಿ ಮಿಕಾಸಾ ಎಂಬ ಯುದ್ಧನೌಕೆಯನ್ನು ಕಟ್ಟಿದ್ದರು. 1905ರ ಸುಶಿಮಾ ಕದನದಲ್ಲಿ ರಷ್ಯದ ನೌಕಾಬಲವನ್ನು ಮಣಿಸಿದ ಅಡ್ಮಿರಲ್ ಟೋಗೊ ನಿಂತಿದ್ದ ಹಡಗು ಅದು. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ ಮಿಕಾಸಾದ ಫಿರಂಗಿಗಳನ್ನು ಕಿತ್ತು, ಅಟ್ಟದ ಮೇಲೆ ನೃತ್ಯಶಾಲೆಯನ್ನೂ ಮೀನುಗಳ ಪ್ರದರ್ಶನವನ್ನೂ ನಡೆಸಿದರು. ಅವಮಾನದ ವಿಷಯದಲ್ಲಿ ನಾವೇ ಮೊದಲಿಗರಲ್ಲವೆಂಬುದು ಇದರಿಂದ ಸಿಗುವ ಸಮಾಧಾನ. ಆದರೆ ಆ ಜನ ನಾಚಿಕೊಂಡರು, ದುಡ್ಡು ಕೂಡಿಸಿದರು, ಹಿಂದೊಮ್ಮೆ ಅವರೊಡನೆ ಹೋರಾಡಿದ್ದ ಅಮೆರಿಕದ ಅಡ್ಮಿರಲ್ ನಿಮಿಟ್ಜ್ ಅವರ ಬೆಂಬಲವನ್ನೂ ಪಡೆದರು, 1961ರ ಹೊತ್ತಿಗೆ ಹಡಗನ್ನು ಮೊದಲಿನಂತೆ ಮಾಡಿ ನಿಲ್ಲಿಸಿದರು. ಅದು ಇಂದಿಗೂ ಯೊಕೊಸುಕಾದಲ್ಲಿದೆ. ಅಷ್ಟು ದೂರವೇಕೆ, ವಿಶಾಖಪಟ್ಟಣದ ಕಡಲತೀರದಲ್ಲಿ ಕುರ್ಸುರಾ ಜಲಾಂತರ್ಗಾಮಿ 2002ರಿಂದ ಜನರನ್ನು ಒಳಗೆ ಕರೆದುಕೊಳ್ಳುತ್ತಿದೆ, ಮತ್ತು ಅಲ್ಲಿ ವಿವರಿಸುವವರು ನಿವೃತ್ತ ನೌಕಾ ಸಿಬ್ಬಂದಿ. ಅವರು ಇಸವಿ ತಪ್ಪು ಹೇಳುವುದು ಕಷ್ಟ.

ಇದಿಷ್ಟನ್ನೂ ನಗುತ್ತ ಬರೆಯಬಹುದು. ನಗು ನಿಲ್ಲುವುದು ಕಾರವಾರದಲ್ಲಿ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ 13 ಹಳ್ಳಿಗಳ 4 ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆದಿಡುವ ದಂಡೆ, ಎಲ್ಲವನ್ನೂ ದೇಶಕ್ಕೆಂದು ಬಿಟ್ಟುಕೊಟ್ಟವು. ಪರಿಹಾರದ ಹಣಕ್ಕಾಗಿ ನಿರಾಶ್ರಿತರು ದಶಕಗಳ ಕಾಲ ಕಚೇರಿ, ನ್ಯಾಯಾಲಯಗಳನ್ನು ಅಲೆದರು. ಕೆಲವರ ಪಾಲಿನ ದುಡ್ಡನ್ನು ಮಕ್ಕಳು ಎಣಿಸಿಕೊಂಡರು. ಇವತ್ತು ದೇಶದ ದೊಡ್ಡ ಯುದ್ಧನೌಕೆಗಳು ಅವರ ಊರಿನ ನೀರಿನಲ್ಲಿ ಲಂಗರು ಹಾಕುತ್ತವೆ, ಅವರು ಆ ಗೋಡೆಯ ಹೊರಗಿದ್ದಾರೆ. ಅರಗಾದ ಸಮುದ್ರಕ್ಕೆ ಅಜ್ಜ ಹಾದುಹೋಗುತ್ತಿದ್ದ ದಾರಿಯಲ್ಲಿ ಮೊಮ್ಮಗನಿಗೆ ಪ್ರವೇಶವಿಲ್ಲ. ಅವನಿಗೆ ನೋಡಲೆಂದು ದೇಶ ಕೊಟ್ಟಿರುವುದು ನಿವೃತ್ತವಾದ ಈ ಒಂದು ಹಡಗು, ಅದೂ ಟಿಕೆಟ್ ತೆಗೆದುಕೊಂಡರೆ, ಅದೂ ಬಾಗಿಲು ತೆರೆದಿದ್ದರೆ. ಅದಕ್ಕೆ ಕಾಲಕಾಲಕ್ಕೆ ಬಣ್ಣ ಬಳಿಯುವುದಕ್ಕೂ ನಮ್ಮಿಂದ ಆಗುವುದಿಲ್ಲವೆಂದರೆ, ಯಾವ ಕಡತ ಯಾರ ಮೇಜಿನ ಮೇಲಿದೆ ಎಂಬ ವಿವರಣೆಯನ್ನು ಕೇಳುವ ತಾಳ್ಮೆ ಯಾರಿಗಿದೆ? ಸಾಕಾಗಿದೆ. ಹಡಗಿನ ಉದ್ದ ನಲವತ್ತು ಮೀಟರೂ ಇಲ್ಲ. ನಾಲ್ಕು ಜನ ಕೆಲಸಗಾರರು, ಒಬ್ಬ ಮೇಲ್ವಿಚಾರಕ, ವರ್ಷಪೂರ್ತಿ ಸಂಬಳ. ಇಷ್ಟಕ್ಕೆ ಮಾಸ್ಟರ್ ಪ್ಲಾನ್ ಬೇಕಿಲ್ಲ, ಸಲಹೆಗಾರ ಸಂಸ್ಥೆ ಬೇಕಿಲ್ಲ, ಸಿಂಗಾಪುರಕ್ಕೆ ಅಧ್ಯಯನ ಪ್ರವಾಸ ಹೋಗಬೇಕಿಲ್ಲ.

ಆದರೆ ಹಾಗೆ ಮಾಡಿದರೆ ಅದು ಯೋಜನೆ ಎನ್ನಿಸಿಕೊಳ್ಳುವುದಿಲ್ಲ. ಯೋಜನೆ ಎಂದರೆ ಹೇಗಿರಬೇಕೆಂಬುದನ್ನು ಈಗ ಮತ್ತೆ ನಿವತಿಯಲ್ಲಿಯೇ ನೋಡಬಹುದು. ವಿರಾಟ್ ಬಾರದೆ ಹೋದ ಅದೇ ನಿವತಿಯ ಸಮುದ್ರದಲ್ಲಿ, 2024ರಲ್ಲಿ ನಿವೃತ್ತವಾದ ಗುಲ್ದಾರ್ ಎಂಬ ನೌಕೆಯನ್ನು ಮುಳುಗಿಸಿ ನೀರಿನೊಳಗಿನ ವಸ್ತುಸಂಗ್ರಹಾಲಯ ಮಾಡಲು ಮಹಾರಾಷ್ಟ್ರ ಹೊರಟಿದೆ. ಹಡಗಿನ ಮೇಲೆ ಹವಳ ಬೆಳೆಯುತ್ತದೆ, ಮೀನು ಸೇರುತ್ತದೆ, ಪ್ರವಾಸಿಗರು ಇಳಿದು ನೋಡುತ್ತಾರೆ. ವ್ಯಂಗ್ಯವನ್ನು ಬದಿಗಿಟ್ಟು ಹೇಳುವುದಾದರೆ ಇದು ಕೆಟ್ಟ ಆಲೋಚನೆಯಲ್ಲ, ಅನೇಕ ದೇಶಗಳಲ್ಲಿ ಮಾಡಿದ್ದಾರೆ. ವ್ಯಂಗ್ಯವನ್ನು ಮತ್ತೆ ಕೈಗೆತ್ತಿಕೊಂಡರೆ, ನಮ್ಮ ಆಡಳಿತಕ್ಕೆ ಇಷ್ಟು ಒಪ್ಪುವ ಸಂಗ್ರಹಾಲಯ ಹಿಂದೆ ಇರಲಿಲ್ಲ, ಮುಂದೆಯೂ ಬಾರದು. ಇಲ್ಲಿ ಬಣ್ಣ ಬಳಿಯುವ ಪ್ರಶ್ನೆಯಿಲ್ಲ. ತುಕ್ಕು ಹಿಡಿದರೆ ಅದು ಪರಿಸರಕ್ಕೆ ಕೊಡುಗೆ. ಚಿತ್ರ ತೆಗೆದು ಪತ್ರಿಕೆಗೆ ಕಳಿಸುವವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹೋಗಬೇಕು. ಪರಿಶೀಲನಾ ಸಮಿತಿಯನ್ನು ನೇಮಿಸಿದರೂ ಸದಸ್ಯರಿಗೆ ಮೊದಲು ಈಜು ಕಲಿಸಬೇಕಾಗುತ್ತದೆ, ಅದಕ್ಕೊಂದು ಟೆಂಡರ್ ಕರೆಯಬೇಕಾಗುತ್ತದೆ.