ಚೀನಾ ಇಂಗ್ಲಿಷ್ ಕೈಬಿಟ್ಟಿದೆ ಅನ್ನೋದು ನಿಜವಲ್ಲ

'ಚೀನಾದಲ್ಲಿ ಶಾಲಾ ಮಕ್ಕಳು ಇಂಗ್ಲಿಷ್ ಓದೋದೇ ಇಲ್ಲ' ಅಂತ ಒಂದು ಮೆಸೇಜ್ ಓಡಾಡ್ತಿದೆ. ಅದು ತಪ್ಪು. 2021ರಲ್ಲಿ ಶಾಂಘೈ ನಗರ ಪ್ರಾಥಮಿಕ ಶಾಲೆಗಳ ಇಂಗ್ಲಿಷ್ ಅಂತಿಮ ಪರೀಕ್ಷೆಯನ್ನು ಮಾತ್ರ ನಿಲ್ಲಿಸಿತು, ಪಾಠವನ್ನಲ್ಲ.

ಕಾಲೇಜು ಸೇರಲು ಬರೆಯುವ ಗಾವೊಕಾವೊ ಪರೀಕ್ಷೆಯ 750 ಅಂಕಗಳಲ್ಲಿ ವಿದೇಶಿ ಭಾಷೆಗೇ 150 ಇದೆ, ಗಣಿತಕ್ಕೂ ಅಷ್ಟೇ. ಜಪಾನೀಸ್, ರಷ್ಯನ್ ತಗೊಳ್ಳಬಹುದು, ಆದರೆ ಜಾಸ್ತಿ ಮಕ್ಕಳು ಬರೆಯೋದು ಇಂಗ್ಲಿಷೇ. ಈಗಿನ ರಾಷ್ಟ್ರೀಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಓದಿ ಅರ್ಥ ಮಾಡಿಕೊಳ್ಳುವುದಕ್ಕೆ 50 ಅಂಕ, ವ್ಯಾಕರಣ ಗೊತ್ತಿದ್ದರೆ ಮಾತ್ರ ತುಂಬಲಾಗುವ ಖಾಲಿ ಜಾಗಗಳಿಗೆ 15, ಅರ್ಧಕ್ಕೆ ನಿಂತ ಕಥೆಯನ್ನು ಮುಂದುವರಿಸಿ ಬರೆಯುವುದಕ್ಕೆ 25. ಸುಮ್ನೆ ಪದ ಬಾಯಿಪಾಠ ಮಾಡಿದರೆ ಇದು ಆಗಲ್ಲ, ಅಲ್ವಾ? ಆ ಮಕ್ಕಳ ಶ್ರಮವನ್ನು ಇಲ್ಲವೇ ಇಲ್ಲ ಅಂತ ಹೇಳಬೇಡಿ. ಆ ಮೆಸೇಜ್ ದಯವಿಟ್ಟು ಮುಂದೆ ಕಳಿಸಬೇಡಿ.