ವೋಟು ವೇಸ್ಟು ಅನ್ನುವವರಿಗೆ

ಬೆಳಗ್ಗೆಯಿಂದ ಹೊಟ್ಟೆ ಉರಿಯುತ್ತಿದೆ. ಬರೆದೇ ಬಿಡುತ್ತೇನೆ.

ನಮ್ಮೂರ ಲೈಬ್ರರಿ ಮುಂದೆ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು. ಜಿಟಿಜಿಟಿ ಮಳೆ. ಕೈಯಲ್ಲಿ ರಟ್ಟಿನ ಪ್ಯಾಡು, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಅವರದ್ದೊಂದು ಸಣ್ಣ ಪಕ್ಷ. ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಚುನಾವಣೆಯ ಮತಪತ್ರದಲ್ಲಿ ಹೆಸರು ಬರಬೇಕು ಅಂದರೆ ಈ ನ್ಯೂಯಾರ್ಕ್ ರಾಜ್ಯದಲ್ಲಿ 45,000 ಮತದಾರರ ಸಹಿ ಬೇಕು, ಅದೂ ಆರೇ ವಾರದಲ್ಲಿ. ಮೊದಲು 15,000 ಇದ್ದರೆ ಸಾಕಿತ್ತು. 2020ರಲ್ಲಿ ಮೂರು ಪಟ್ಟು ಮಾಡಿದರು. 2024ರ ಅಧ್ಯಕ್ಷರ ಚುನಾವಣೆಯಲ್ಲಿ ನಮ್ಮ ಮತಪತ್ರದಲ್ಲಿ ಅಚ್ಚಾಗಿದ್ದು ಎರಡೇ ಹೆಸರು, ನೆನಪಿದೆ ಅಲ್ವಾ?

ನಾನು ಪೆನ್ನಿಗೆ ಕೈ ಹಾಕಿದೆ. ಜೊತೆಗಿದ್ದ ಗೆಳೆಯ ತೋಳು ಹಿಡಿದು ಎಳೆದ. "ಗೆಲ್ಲದೇ ಇರೋರಿಗೆ ಯಾಕೋ? ವೇಸ್ಟು ಕಣೋ." ಕನ್ನಡದಲ್ಲೇ ಅಂದ. ಆದರೂ ಆ ಅಮ್ಮನ ಮುಖ ಸಣ್ಣಗಾಯಿತು.

ವೇಸ್ಟಾ? 1892ರಲ್ಲಿ ಇದೇ ದೇಶದ ರೈತರು ಸೇರಿ ಪೀಪಲ್ಸ್ ಪಾರ್ಟಿ ಕಟ್ಟಿಕೊಂಡು ಚುನಾವಣೆಗೆ ನಿಂತರು. ಕಾನ್ಸಾಸ್, ನೆಬ್ರಾಸ್ಕಾ ಕಡೆಯವರು, ದಕ್ಷಿಣದವರು. ಬೆಳೆಗೆ ಬೆಲೆ ಇಲ್ಲ, ತಲೆ ಮೇಲೆ ಸಾಲ, ರೈಲು ಕಂಪನಿಗಳು ಹೇಳಿದ್ದೇ ಬಾಡಿಗೆ. ಒಮಾಹಾದಲ್ಲಿ ಸೇರಿ ಬೇಡಿಕೆ ಬರೆದರು. ಜಾಸ್ತಿ ಆದಾಯ ಇರುವವರಿಗೆ ಜಾಸ್ತಿ ತೆರಿಗೆ ಹಾಕಿ, ಸೆನೆಟರುಗಳನ್ನು, ಅಂದರೆ ಸಂಸತ್ತಿನ ಮೇಲ್ಮನೆಯವರನ್ನು, ಜನರೇ ಆರಿಸಲಿ ಅಂದರು. ಆಗ ಸೆನೆಟರುಗಳನ್ನು ಆರಿಸುತ್ತಿದ್ದುದು ರಾಜ್ಯಗಳ ಶಾಸಕರು. ಅಧ್ಯಕ್ಷ ಪದವಿಗೆ ನಿಂತ ರೈತರ ಅಭ್ಯರ್ಥಿ ವೀವರ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಮತ ಬಿತ್ತು. ಸೋತರು. ಕೆಲವೇ ವರ್ಷಗಳಲ್ಲಿ ಪಕ್ಷವೂ ಕರಗಿಹೋಯಿತು. ಆದರೆ 1913ರಲ್ಲಿ ಆದಾಯ ತೆರಿಗೆಗೆ ಒಂದು, ಸೆನೆಟರುಗಳ ನೇರ ಆಯ್ಕೆಗೆ ಒಂದು, ಎರಡು ಸಂವಿಧಾನ ತಿದ್ದುಪಡಿ ಬಂದವು. ಸೋತವರು ಬಿತ್ತಿದ್ದನ್ನೇ ದೊಡ್ಡ ಪಕ್ಷಗಳು ಕೊಯ್ದವು.

ಗೊತ್ತು, 2000ನೇ ಇಸವಿಯ ಅಧ್ಯಕ್ಷರ ಚುನಾವಣೆಯ ಫ್ಲೋರಿಡಾ ಕಥೆ ತೆಗೆಯುತ್ತೀರಿ. ಆ ಒಂದು ರಾಜ್ಯದಲ್ಲೇ ಇಡೀ ಚುನಾವಣೆ ತೀರ್ಮಾನವಾಗಿತ್ತು. ಅಲ್ಲಿ ರಿಪಬ್ಲಿಕನ್ ಬುಷ್ ಡೆಮಾಕ್ರಟ್ ಗೋರ್ ಎದುರು ಗೆದ್ದಿದ್ದು 537 ಮತಗಳಿಂದ, ಸಣ್ಣ ಪಕ್ಷದ ನೇಡರ್‌ಗೆ ಬಿದ್ದಿದ್ದು 97,000ಕ್ಕೂ ಜಾಸ್ತಿ. ನೇಡರ್ ನಿಲ್ಲದಿದ್ದರೆ ಗೋರ್ ಗೆಲ್ಲುತ್ತಿದ್ದರು ಅಂತ. ಅಲ್ಲಾ, ಆ ಮತಗಳು ಗೋರ್ ಅವರವು ಅಂತ ಯಾರು ಬರೆದುಕೊಟ್ಟಿದ್ದರು? ಮತ ಯಾರಪ್ಪನ ಮನೆ ಆಸ್ತಿ? ಅಷ್ಟು ಭಯ ಇದ್ದರೆ ಎಣಿಸುವ ರೀತಿ ಬದಲಾಯಿಸಿ. ಮೇಯ್ನ್ ರಾಜ್ಯದಲ್ಲಿ 2018ರಿಂದ ಮತದಾರರು ಮೊದಲ ಆಯ್ಕೆ, ಎರಡನೇ ಆಯ್ಕೆ ಅಂತ ಗುರುತು ಹಾಕುತ್ತಿದ್ದಾರೆ. ಮೊದಲನೆಯವರು ಕಣದಿಂದ ಹೊರಬಿದ್ದರೆ ಮತ ಎರಡನೆಯವರಿಗೆ ಹೋಗುತ್ತದೆ. ಅದನ್ನು ಮಾಡದೆ ಸಣ್ಣವರನ್ನೇ ಬಾಗಿಲಾಚೆ ನಿಲ್ಲಿಸುವುದು ಯಾವ ನ್ಯಾಯ?

ನನಗೇಕೆ ಇಷ್ಟು ಸಿಟ್ಟು ಅಂತ ಹೇಳಿಬಿಡುತ್ತೇನೆ. ಡಿಗ್ರಿ ಓದುವಾಗ ನಾನೂ ಅಪ್ಪನಿಗೆ ಇದೇ ಮಾತು ಅಂದಿದ್ದೆ. ಅಪ್ಪ ರೈತಸಂಘದವರು. ಕಬ್ಬಿನ ಬಾಕಿ ಬಂದಿರಲಿಲ್ಲ, ಮನೆಯಲ್ಲಿ ಕಾಸಿಲ್ಲ, ಅಪ್ಪ ಮಾತ್ರ ಹಸಿರು ಶಾಲು ಹೊದ್ದು ಸಂಘದ ಅಭ್ಯರ್ಥಿಯ ಪ್ರಚಾರಕ್ಕೆ ಹೊರಟಿದ್ದರು. "ಸುಮ್ನೆ ವೇಸ್ಟು ಅಪ್ಪಾ" ಅಂದೆ. ಬೈಯಲಿಲ್ಲ. "ಗೆಲ್ಲೋದು ಹಂಗಿರ್ಲಿ ಮಗ. ನಮ್ಮ ಬಾಕಿ ಕೇಳೋಕೆ ಒಬ್ರಾದ್ರೂ ಬ್ಯಾಡ್ವಾ?" ಅಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ಅಪ್ಪ ಈಗಿಲ್ಲ. ತಪ್ಪಾಯ್ತು ಅಂತ ಒಂದು ಸಲವೂ ಹೇಳಲಿಲ್ಲ ನಾನು.

ಗೆಳೆಯ ಕಾರಿನ ಹತ್ತಿರ ಹೋದ. ನಾನು ಸಹಿ ಹಾಕಿದೆ. ಆ ಅಮ್ಮ ಹಾಳೆಯ ಮೇಲಿನ ಹನಿಯನ್ನು ತೋಳಿನಿಂದ ಒರೆಸಿ, ನನ್ನ ವಿಳಾಸ, ತಾರೀಖು ಎರಡೆರಡು ಸಲ ನೋಡಿದರು. ಒಂದು ತಪ್ಪಿದ್ದರೂ ಸಹಿ ಬಿದ್ದುಹೋಗಬಹುದಂತೆ. ಆ ಹಾಳೆಯಲ್ಲಿ ನನ್ನದು ಏಳನೇ ಸಾಲು.