ಮಾವನವರ ಬೀಗ, ಅತ್ತೆಯವರ ಉಪ್ಪು

ನಮ್ಮ ಮಾವನವರಿಗೆ ಕಳ್ಳರ ಮೇಲೆ ಇರುವಷ್ಟು ನಂಬಿಕೆ ದೇವರ ಮೇಲೂ ಇಲ್ಲ. ದೇವರು ಬಂದರೂ ಬಂದಾನು, ಬಿಟ್ಟರೂ ಬಿಟ್ಟಾನು. ಕಳ್ಳ ಮಾತ್ರ ಬಂದೇ ಬರುತ್ತಾನೆ, ಅದೂ ರಾತ್ರಿ ಎರಡರಿಂದ ನಾಲ್ಕರೊಳಗೆ, ಹಿತ್ತಿಲ ಕಡೆಯಿಂದ ಎನ್ನುವುದು ಅವರ ಸಿದ್ಧಾಂತ. ನಮಗೆ ಹಿತ್ತಿಲೇ ಇಲ್ಲ. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಹಿತ್ತಿಲು ಅಂದರೆ ಪಕ್ಕದ ಮನೆಯ ಬಚ್ಚಲ ಕಿಟಕಿಗೂ ನಮ್ಮ ಗೋಡೆಗೂ ನಡುವೆ ಉಳಿದುಕೊಂಡ ಎರಡಡಿ ಸಂದಿ. ಅಲ್ಲಿ ತೂರಿ ಬರಬೇಕಾದರೆ ಕಳ್ಳ ಒಂದು ತಿಂಗಳು ಮೊದಲೇ ಅನ್ನ ಬಿಡಬೇಕು. ಆದರೂ ಆ ಸಂದಿಗೊಂದು ಗ್ರಿಲ್ ಗೇಟು, ಗೇಟಿಗೊಂದು ಬೀಗ.

ಮಾವ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಸರ್ವೀಸಿನುದ್ದಕ್ಕೂ ಕಳ್ಳತನದ ಫೈಲುಗಳನ್ನೇ ತಿರುವಿ ಹಾಕಿದ್ದರಿಂದ ಊರಿನ ಜನರೆಲ್ಲ ಒಂದೋ ಫಿರ್ಯಾದಿಗಳು, ಇಲ್ಲವೋ ಆರೋಪಿಗಳು ಅಂತಲೇ ಅವರಿಗೆ ಕಾಣುತ್ತಾರೆ. ರಾತ್ರಿ ಹತ್ತಕ್ಕೆ ಅವರ ಬೀಗಸೇವೆ ಶುರು. ಗೇಟು, ಗ್ರಿಲ್ಲು, ಆಮೇಲೆ ಮುಂಬಾಗಿಲಿನ ಮೇಲಿನ ಚಿಲಕ, ಕೆಳಗಿನ ಚಿಲಕ, ನಡುವೆ ಡೋರ್ ಲಾಕು, ಕೊನೆಗೆ ಸರಪಳಿ. ಬೀಗ ಹಾಕಿ ಸುಮ್ಮನೆ ಬರುವ ಜಾತಿಯವರಲ್ಲ, ಎಳೆದು ನೋಡಬೇಕು. ಒಂದು ಸಲ ಎಳೆದರೆ ಬೀಗಕ್ಕೆ ಗೌರವ ಸಾಲದು ಅಂತ ಮೂರು ಸಲ ಜೋತು ಬೀಳುತ್ತಾರೆ. ಹೀಗೆ ಜೋತು ಬಿದ್ದೂ ಬಿದ್ದೂ ಗೇಟಿನ ಕೊಂಡಿ ಸಡಿಲವಾಯಿತು. ರಿಪೇರಿಗೆ ಬಂದವನು ಅದನ್ನು ತಿರುಗಿಸಿ ನೋಡಿ, "ಇದನ್ನ ಯಾರೋ ಬಲವಾಗಿ ಎಳೆದಿದ್ದಾರೆ ಸಾರ್, ಕಳ್ಳರು ಟ್ರೈ ಮಾಡಿರ್ಬೇಕು" ಅಂದ. ಮಾವ ನಮ್ಮೆಲ್ಲರ ಕಡೆ ತಿರುಗಿದ ಗತ್ತು ನೋಡಬೇಕಿತ್ತು. ಅವತ್ತೇ ಇನ್ನೊಂದು ಬೀಗ ಬಂತು.

ಹೊರಗೆ ಹೊರಟರೆ ಕಥೆಯೇ ಬೇರೆ. ಆಟೊ ಮುಖ್ಯರಸ್ತೆ ಮುಟ್ಟುತ್ತಿದ್ದಂತೆ "ಬೀಗ ಹಾಕಿದ್ನಾ?" ಅನ್ನುವ ಪ್ರಶ್ನೆ ಬರುತ್ತದೆ. ಈ ಪ್ರಶ್ನೆಯಿಂದ ನಾವು ಧಾರೆ ತಪ್ಪಿಸಿಕೊಂಡ ಮದುವೆಗಳೆಷ್ಟೋ. ಊಟ ಮಾತ್ರ ಯಾವತ್ತೂ ತಪ್ಪಿಲ್ಲ ಅನ್ನುವುದು ಸಮಾಧಾನ. ಕೊನೆಗೆ ನನ್ನ ಮಗನೇ ಒಂದು ಉಪಾಯ ಹೇಳಿಕೊಟ್ಟ: "ತಾತ, ಬೀಗ ಹಾಕಿದ ಮೇಲೆ ಒಂದು ಫೋಟೊ ತಗೊಳ್ಳಿ." ಈಗ ಅವರು ಪಂಕ್ತಿಯಲ್ಲಿ ಕೂತು ಕೋಸಂಬರಿಗೂ ಪಲ್ಯಕ್ಕೂ ನಡುವೆ ಫೋನು ತೆಗೆದು ಬೀಗ ನೋಡಿ ನೆಮ್ಮದಿಪಡುತ್ತಾರೆ. ಒಮ್ಮೆ ಅತ್ತೆ ಬಗ್ಗಿ ನೋಡಿ, "ರೀ, ಇದರಲ್ಲಿ ಬಾಗಿಲಿಗೆ ಮಾವಿನ ತೋರಣ ಇದೆ. ಇದು ಯುಗಾದಿ ಫೋಟೊ" ಅಂದುಬಿಟ್ಟರು. ಪಾಯಸ ಬರುವಷ್ಟರಲ್ಲಿ ಮಾವ ಎದ್ದಾಗಿತ್ತು.

ಇಷ್ಟೆಲ್ಲ ಬೀಗಗಳಿದ್ದರೂ ಬೀಗದ ಕೈ ಎಲ್ಲಿರುತ್ತದೆ ಅಂತ ಕೇಳಿ. ಮೊದಲು ತುಳಸಿ ಕುಂಡದ ಕೆಳಗೆ ಇರುತ್ತಿತ್ತು. ಕಳ್ಳರು ಮೊದಲು ನೋಡುವುದೇ ಅಲ್ಲಿ ಅಂತ ಪೇಪರಿನಲ್ಲಿ ಓದಿದ ಮೇಲೆ ಅದು ಮಾವನ ಹಳೇ ಬೂಟಿನೊಳಗೆ ಹೋಯಿತು, ಅಲ್ಲಿಂದ ಮೀಟರ್ ಬಾಕ್ಸಿಗೆ ಬಡ್ತಿ ಪಡೆಯಿತು. ಇದು ಮನೆಯವರಿಗೆ ಮಾತ್ರ ಗೊತ್ತಿರುವ ಪರಮ ರಹಸ್ಯ. ಒಂದು ಮಧ್ಯಾಹ್ನ ನಾನು ಆಫೀಸಿನಲ್ಲಿದ್ದಾಗ ಕೊರಿಯರ್ ಹುಡುಗ ಫೋನು ಮಾಡಿದ: "ಮೇಡಂ, ಮನೇಲಿ ಯಾರೂ ಇಲ್ಲ. ಕೀ ಮೀಟರ್ ಬಾಕ್ಸಲ್ಲೇ ಇದೆ, ಪಾರ್ಸೆಲ್ ಒಳಗಿಟ್ಟು ಬೀಗ ಹಾಕ್ಲಾ?"

ಊರಿಗೆ ಹೋಗುವಾಗ ಮನೆಯಲ್ಲಿ ಜನ ಇದ್ದಾರೆ ಅಂತ ತೋರಿಸಿಕೊಳ್ಳಬೇಕು ಅನ್ನುವುದು ಪೊಲೀಸರೂ ಹೇಳುವ ಮಾತು. ಬೀಗ ಹಾಕಿದ ಮನೆಯನ್ನು ಕಳ್ಳ ಬೀಗ ನೋಡಿ ಗುರುತು ಹಿಡಿಯುವುದಿಲ್ಲ. ಬಾಗಿಲಿಗೆ ನೀರು ಹಾಕಿಲ್ಲ, ರಂಗೋಲಿ ಇಲ್ಲ, ಗೇಟಿನೊಳಗೆ ಪೇಪರು ಗುಡ್ಡೆ ಬಿದ್ದಿದೆ, ಹಗಲಲ್ಲೂ ವರಾಂಡದ ಲೈಟು ಉರಿಯುತ್ತಿದೆ ಅಂದರೆ ಸಾಕು, ಅವನಿಗೆ ಎಲ್ಲವೂ ತಿಳಿಯುತ್ತದೆ. ಶೃಂಗೇರಿ, ಹೊರನಾಡಿಗೆ ಹೊರಟಾಗ ಅತ್ತೆ ಪೇಪರು, ಹಾಲು ನಿಲ್ಲಿಸಿ, ಕೆಲಸದ ಲಕ್ಷ್ಮಿಗೆ ದಿನಾ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲು ಹೇಳಿದರು. ಮಾವ ಠಾಣೆಗೆ ಹೋಗಿ, "ಮಾನ್ಯರೇ, ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ" ಅಂತ ಶುರುವಾಗುವ ಒಂದೂವರೆ ಪುಟದ ಅರ್ಜಿ ಕೊಟ್ಟು ಬಂದರು. ರಾತ್ರಿ ಬೀಟಿನವರು ಒಂದು ಕಣ್ಣಿಡುತ್ತೇವೆ ಅಂದರಂತೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮಾವ ಹೊರಡುವಾಗ ಹಾಲ್‌ನಲ್ಲಿ ರೇಡಿಯೊ ಹಚ್ಚಿಟ್ಟು ಬಂದರು, ಒಳಗೆ ಜನರಿದ್ದಾರೆ ಅಂತ ಕಳ್ಳನಿಗೆ ಅನ್ನಿಸಲಿ ಅಂತ.

ಕಳ್ಳನಿಗೆ ಅನ್ನಿಸಿತೋ ಇಲ್ಲವೋ, ಅತ್ತೆಯ ಸೋದರತ್ತೆಯ ಮಗಳಿಗೆ ಅನ್ನಿಸಿತು. ಆಕೆ ಮಗಳ ಮದುವೆಯ ಕರೆಯೋಲೆ ಹಿಡಿದು ತುಮಕೂರಿನಿಂದ ಬಂದು ಬೆಲ್ ಒತ್ತಿದ್ದಾರೆ. ಬಾಗಿಲಲ್ಲಿ ಹಸಿ ರಂಗೋಲಿ, ಒಳಗೆ ಪ್ರದೇಶ ಸಮಾಚಾರ. ಮತ್ತೆ ಒತ್ತಿದ್ದಾರೆ. ವಾರ್ತೆ ಮುಗಿದು ಕೃಷಿರಂಗ ಶುರುವಾಗಿದೆ, ಬಾಗಿಲು ತೆರೆದಿಲ್ಲ. "ಒಳಗೇ ಕೂತುಕೊಂಡು ಬಾಗಿಲು ತೆಗೀಲಿಲ್ಲ, ಅಷ್ಟು ಭಾರವಾಗಿಬಿಟ್ವಾ ನಾವು?" ಅಂತ ಇಡೀ ಬಳಗಕ್ಕೆ ಹೇಳಿಕೊಂಡು ಬಂದರು. ಆ ಮುನಿಸು ಇವತ್ತಿಗೂ ಪೂರ್ತಿ ಇಳಿದಿಲ್ಲ. ಅತ್ತ ಹೊರನಾಡಿನಲ್ಲಿ ಮಾವ ದೇವಸ್ಥಾನದ ಮುಂದೆ ನಿಂತ ಸಕುಟುಂಬ ಫೋಟೊವನ್ನು 'ಇನ್ನೂ ಮೂರು ದಿನ ಪ್ರವಾಸ' ಅಂತ ಬರೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದರು. ಅದನ್ನು ಹಾಲಿನವನು, ಪೇಪರಿನವನು, ಕೊರಿಯರ್ ಹುಡುಗ ಎಲ್ಲರೂ ನೋಡಿದ್ದರು. ನೋಡದೇ ಉಳಿದವರು ತುಮಕೂರಿನವರು ಮಾತ್ರ.

ಒಡವೆ ಎಲ್ಲಿಡಬೇಕು ಅನ್ನುವುದು ನಮ್ಮಲ್ಲಿ ಇನ್ನೂ ಇತ್ಯರ್ಥವಾಗದ ದಾವೆ. ಬ್ಯಾಂಕ್ ಲಾಕರೇ ಸರಿ ಅಂತ ಮಾವನ ವಾದ. ರಿಸರ್ವ್ ಬ್ಯಾಂಕಿನ ನಿಯಮ 2022ರ ಜನವರಿಯಿಂದ ಬದಲಾಗಿದೆ, ಬೆಂಕಿ, ಕಳ್ಳತನ, ದರೋಡೆ, ಸಿಬ್ಬಂದಿಯ ಮೋಸ ಇಂಥದ್ದರಲ್ಲಿ ಲಾಕರಿನದು ಹೋದರೆ ಬ್ಯಾಂಕು ವರ್ಷದ ಬಾಡಿಗೆಯ 100 ಪಟ್ಟು ಕೊಡಬೇಕು ಅಂತ ಓದಿ ಹೇಳಿದರು. ಅತ್ತೆ ತರಕಾರಿ ಹೆಚ್ಚುತ್ತಲೇ ಲೆಕ್ಕ ಹಾಕಿದರು: "ಬಾಡಿಗೆ ಮೂರು ಸಾವಿರ ಅಂದ್ರೆ ಮೂರು ಲಕ್ಷ. ಈಗಿನ ಚಿನ್ನದ ರೇಟಿಗೆ ನನ್ನ ಎರಡು ಜೊತೆ ಬಳೇನೂ ಬರಲ್ಲ." ಹಾಗಂತ ಮನೆಯಲ್ಲಿಟ್ಟರೆ ಪೈಸೆಯೂ ಬರುವುದಿಲ್ಲ ಅನ್ನುವುದು ಮಾವನ ಮರುವಾದ. ಸದ್ಯಕ್ಕೆ ಲಾಕರಿನದು ಲಾಕರಿನಲ್ಲಿದೆ. ಮನೆಯಲ್ಲಿರುವುದು ಯಾವ ಡಬ್ಬದಲ್ಲಿದೆ ಅಂತ ಅತ್ತೆ ಮಾವನಿಗೆ ಹೇಳಿಲ್ಲ. ಹೇಳಿದರೆ ದಿನಾ ರಾತ್ರಿ ಆ ಡಬ್ಬವನ್ನೂ ಎಳೆದು ನೋಡುತ್ತಾರೆ ಅನ್ನುವ ಭಯ.

ಕಾರಿನದು ಇನ್ನೊಂದು ಪುರಾಣ. ಸೈಟಿನೊಳಗೆ ಜಾಗವಿಲ್ಲದ್ದರಿಂದ ಅದು ರಸ್ತೆಯಲ್ಲೇ ಮಲಗುತ್ತದೆ. ಮೊದಲು ಅಲಾರಂ ಹಾಕಿಸಿದರು. ಅದು ಬೆಕ್ಕು ಹಾರಿದರೂ ಕಿರುಚುತ್ತಿತ್ತು, ಗುಡುಗಿದರೂ ಕಿರುಚುತ್ತಿತ್ತು. ದೀಪಾವಳಿಯ ರಾತ್ರಿ ಪಟಾಕಿಗೂ ಅದಕ್ಕೂ ಜುಗಲ್‌ಬಂದಿ ನಡೆಯಿತು. ಎದುರು ಮನೆಯವರು ಕೈಮುಗಿದು, "ಸಾರ್, ಕಳ್ಳ ಬಂದ್ರೆ ನಾವೇ ಕೂಗ್ತೀವಿ, ಇದನ್ನ ತೆಗೆಸಿ" ಅಂದರು. ಆಮೇಲೆ ಮಾವ ಚಕ್ರಕ್ಕೆ ಹಾಕುವ ಹಳದಿ ಕಬ್ಬಿಣದ ಲಾಕು ತಂದರು. ಅದನ್ನು ನೋಡಿದ ಬೀದಿಯವರೆಲ್ಲ ಟ್ರಾಫಿಕ್ ಪೊಲೀಸರೇ ಹಾಕಿ ಹೋಗಿದ್ದಾರೆ ಅಂದುಕೊಂಡು, ವಾಕಿಂಗಿಗೆ ಹೋದಲ್ಲೆಲ್ಲ "ಫೈನ್ ಕಟ್ಟಿದ್ರಾ ಸಾರ್?" ಅಂತ ವಿಚಾರಿಸತೊಡಗಿದರು. ಜೀವಮಾನವಿಡೀ ಕೋರ್ಟಿನಲ್ಲಿ ಆ ಕಡೆ ಕೂತವರಿಗೆ ಈ ಪ್ರಶ್ನೆ ಎಷ್ಟು ನೋವು ಕೊಟ್ಟಿತೋ, ಲಾಕು ಅಟ್ಟ ಸೇರಿತು. ನಂಬರ್ ಪ್ಲೇಟಿನದು ಒಂದೇ ಅವರಿಗೆ ನೆಮ್ಮದಿ. ಕಿತ್ತರೆ ಮತ್ತೆ ಹಾಕಲಾಗದ ಲಾಕಿನ ಆ ಹೈ ಸೆಕ್ಯುರಿಟಿ ಪ್ಲೇಟನ್ನು ಹಳೇ ಗಾಡಿಗಳಿಗೂ ಹಾಕಿಸಲೇಬೇಕು ಅಂತ 2023ರಲ್ಲಿ ಆದೇಶವಾಗಿ, ಗಡುವು ಮೇಲೆ ಗಡುವು ಮುಂದಕ್ಕೆ ಹೋಗುತ್ತಿದ್ದಾಗ ಮೊದಲ ಗಡುವಿಗೇ ಹಾಕಿಸಿಕೊಂಡ ಕೆಲವೇ ಪುಣ್ಯಾತ್ಮರಲ್ಲಿ ನಮ್ಮ ಮಾವ ಒಬ್ಬರು.

ಕೊನೆಗೂ ಕಳ್ಳ ಬಂದ. ಕಾರು ಮುಟ್ಟಲಿಲ್ಲ, ಕಾರಿನ ಕವರು ಹೊತ್ತುಕೊಂಡು ಹೋದ. ಹರಿದ ಮೂಲೆಗೆ ಅತ್ತೆ ತಮ್ಮ ಹಳೇ ನೈಟಿಯ ನೀಲಿ ಹೂವಿನ ತುಂಡು ಹಾಕಿ ಹೊಲಿದಿದ್ದ ಕವರು. ಮಳೆ ಶುರುವಾದ ಮೇಲೆ ಒಂದು ಸಂಜೆ ನಾನು, ಅತ್ತೆ ಪಾನಿಪುರಿ ತಿನ್ನುತ್ತಾ ನಿಂತಿದ್ದೆವು. ಅತ್ತೆ ಬಾಯಲ್ಲಿ ಪೂರಿ ಇಟ್ಟುಕೊಂಡೇ ಮೇಲೆ ನೋಡಿದರು. ಗಾಡಿಯ ಸೂರಿನ ಮೂಲೆಯಲ್ಲಿ ನೀಲಿ ಹೂವು. ಭಾನುವಾರದ ಚಿಕ್ಕಪೇಟೆ ಬಜಾರಿನಲ್ಲಿ ಇನ್ನೂರು ರೂಪಾಯಿ ಕೊಟ್ಟು ತಂದದ್ದು ಅಂತ ಪಾನಿಪುರಿಯವನು ಪಾಪ ಆಣೆ ಮಾಡಿದ. ಕೇಳಿ ಪಡೆಯಬಹುದಿತ್ತು. ಆದರೆ ಜೋರು ಮಳೆ, ಅದರ ಕೆಳಗೆ ನಾವೂ ನಿಂತಿದ್ದೆವು. ಅತ್ತೆ ಇನ್ನೊಂದು ಪ್ಲೇಟು ಹೇಳಿದರು. "ಹೊಲಿಗೆ ಚೆನ್ನಾಗಿ ತಡೆದಿದೆ ನೋಡು" ಅಂದರು.

'ಗಮನ ಬೇರೆಡೆ ಸೆಳೆದು ಕಳವು' ಅನ್ನುವ ತಲೆಬರಹ ಪೇಪರಿನಲ್ಲಿ ಕಂಡರೆ ಮಾವ ಅದನ್ನು ಕತ್ತರಿಸಿ ಫೈಲು ಮಾಡುತ್ತಾರೆ. ಬ್ಯಾಂಕಿನಿಂದ ದುಡ್ಡು ತೆಗೆದು ಬಂದವರ ಕಾರಿನ ಪಕ್ಕ ಹತ್ತರ ನೋಟು ಚೆಲ್ಲಿ "ಸಾರ್, ನಿಮ್ಮ ದುಡ್ಡು ಬಿದ್ದಿದೆ" ಅನ್ನುವುದು, ಟೈರ್ ಪಂಕ್ಚರ್ ಆಗಿದೆ, ಬಾನೆಟ್‌ನಿಂದ ಆಯಿಲ್ ಸೋರುತ್ತಿದೆ ಅನ್ನುವುದು, ಅಂಗಿಯ ಮೇಲೆ ಗಲೀಜು ಚೆಲ್ಲಿ ತಾವೇ ಒರೆಸಲು ಬರುವುದು: ಬಗ್ಗಿ ಎದ್ದೇಳುವಷ್ಟರಲ್ಲಿ ಸೀಟಿನ ಮೇಲಿನ ಬ್ಯಾಗು ಮಾಯ. ಬೆಂಗಳೂರಿಗೆ ಇದು ಹಳೇ ವಿದ್ಯೆ, ಈಗಲೂ ಫಲ ಕೊಡುವ ವಿದ್ಯೆ. ಇದನ್ನೆಲ್ಲ ಅರೆದು ಕುಡಿದ ಮಾವ ಪೆನ್ಶನ್ ತೆಗೆದುಕೊಂಡು ಬರುವಾಗ ಕಾಲೇಜು ಹುಡುಗಿಯೊಬ್ಬಳು ಹಿಂದಿನಿಂದ, "ಅಂಕಲ್, ನಿಮ್ಮ ದುಡ್ಡು ಬಿತ್ತು" ಅಂದಳಂತೆ. ಮಾವ ತಿರುಗಲಿಲ್ಲ. ಆಕೆ ಮತ್ತೆ ಕೂಗಿದಳು. ಮಾವ ನಡಿಗೆ ಜೋರು ಮಾಡಿದರು. ಆಕೆ ಓಡಿ ಬಂದಳು, ಮಾವನೂ ಓಡಿದರು, ಮೊಣಕಾಲು ನೋವನ್ನೂ ಮರೆತು. ಮನೆಗೆ ಬಂದು ಬಾಗಿಲು ಹಾಕಿ ಎಣಿಸಿದಾಗ ಐನೂರರ ಎರಡು ನೋಟು ಕಮ್ಮಿ. ಸಂಜೆ ಆ ಹುಡುಗಿ ಬ್ಯಾಂಕಿಗೆ ಕೊಟ್ಟು ಹೋಗಿದ್ದಳು ಅಂತ ಮ್ಯಾನೇಜರ್ ಫೋನು ಮಾಡಿದರು. ಆ ಫೋನನ್ನೂ ಮಾವ ನಂಬಲಿಲ್ಲ. ಓಟಿಪಿ ಕೇಳುವ ಮೊದಲೇ ಕಟ್ ಮಾಡಿದರು.

ಬಾಗಿಲಿಗೆ ಬರುವವರ ವಿಷಯದಲ್ಲಿ ಮಾತ್ರ ಅತ್ತೆಗೆ ಮಾವನ ಮೇಲೆ ಕಿಂಚಿತ್ತೂ ನಂಬಿಕೆಯಿಲ್ಲ. ಕಾರಣ, ಮಾವ ಉಡುಗೆ ನೋಡಿ ಸೋಲುವವರು. ಕೋಲೆ ಬಸವನವನು ಗೇಟಿಗೆ ಬಂದರೆ ಗದರುತ್ತಾರೆ. ಅವನು ಕೇಳುವುದು ಒಂದು ಹಳೇ ಪಂಚೆ, ಒಂದು ಸೇರು ಅಕ್ಕಿ, ಅದನ್ನೂ ಎಲ್ಲರೂ ನೋಡುವಂತೆ ವಾಲಗ ಊದಿಕೊಂಡು ಕೇಳುತ್ತಾನೆ. ಕೊರಳಲ್ಲಿ ಐಡಿ ಕಾರ್ಡು ನೇತಾಡಿಸಿಕೊಂಡು "ಸಾರ್, ಗ್ಯಾಸ್ ಕಂಪನಿಯಿಂದ, ಕಂಪಲ್ಸರಿ ಚೆಕಿಂಗ್" ಅಂದವನಿಗೆ ಸೀದಾ ಅಡುಗೆಮನೆ ತೋರಿಸುತ್ತಾರೆ. ಅವನು ಚೆನ್ನಾಗಿರುವ ಪೈಪು ಕಿತ್ತು ಅದಕ್ಕಿಂತ ಕಳಪೆಯದನ್ನು ಹಾಕಿ ದುಡ್ಡು ಎಣಿಸಿಕೊಂಡು ಹೋಗುತ್ತಾನೆ.

ಅತ್ತೆಗೆ ಇದರಲ್ಲಿ ಹಳೇ ಪೆಟ್ಟಿದೆ. ಅವರ ಅಕ್ಕ ಒಡವೆ ಪಾಲಿಶ್‌ನವರಿಗೆ ಬಾಗಿಲು ತೆರೆದವರು. ಅವರು ಮೊದಲು ಹಿತ್ತಾಳೆ ದೀಪ ಪುಕ್ಕಟೆ ಬೆಳಗಿಕೊಟ್ಟರು. ಆಮೇಲೆ ಬೆಳ್ಳಿ ಕಾಲುಂಗುರ. ಆಮೇಲೆ "ಸರ ಮಂಕಾಗಿದೆಯಲ್ಲ ಅಮ್ಮಾ". ಅವರ ದ್ರಾವಣದಲ್ಲಿ ಅದ್ದಿ ತೆಗೆದ ಸರವನ್ನು ಅರಿಶಿನದ ನೀರಿನ ಜೊತೆ ಕುಕ್ಕರಿಗೆ ಹಾಕಿ, ಎರಡು ವಿಶಲ್ ಆದ ಮೇಲೆ ಪೂರ್ತಿ ಆರಿದಾಗ ತೆಗೆಯಿರಿ ಅಂದರು. ಆರುವ ಹೊತ್ತಿಗೆ ಅವರು ಊರು ದಾಟಿದ್ದರು. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೆರೆತರೆ ಚಿನ್ನವೂ ಕರಗುತ್ತದೆ. ಸರ ಸರವಾಗಿಯೇ ಇತ್ತು, ತೂಕ ಮಾತ್ರ ಅವರ ಬಾಟಲಿಯೊಳಗೆ ಹೊರಟುಹೋಗಿತ್ತು. "ಕುಕ್ಕರ್ ಕೂಗಿದ್ದು ನಮ್ಮಕ್ಕನ ಪರವಾಗಿ" ಅನ್ನುತ್ತಾರೆ ಅತ್ತೆ.

ಸುದ್ದಿ ಕೇಳಿದ ಮಾವ "ಫೋರ್ ಟ್ವೆಂಟಿಗಳು!" ಅಂತ ಗುಡುಗಿ, ತಕ್ಷಣ ತಮ್ಮನ್ನು ತಾವೇ ತಿದ್ದಿಕೊಂಡರು. 1860ರ ದಂಡಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಮೋಸಕ್ಕೆ ಈಗ 318ನೇ ಸೆಕ್ಷನ್ನು, ಇನ್ನು ಮೇಲೆ ಹಾಗೇ ಬೈಯಬೇಕು ಅಂದರು. "ಮುನ್ನೂರ ಹದಿನೆಂಟು ಅಂದ್ರೆ ಬಸ್ ನಂಬರ್ ಹೇಳಿದ ಹಾಗಿರುತ್ತೆ, ಬೈದ ಹಾಗಿರಲ್ಲ" ಅಂದರು ಅತ್ತೆ. ತೊಂಬತ್ತರ ದಶಕದಲ್ಲಿ ಊರೂರ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದು ನೆನಪಿದೆಯಲ್ಲ, ಪರಿಚಯದವರ ದನಿಯಲ್ಲಿ ಕರೆಯುವ ದೆವ್ವಕ್ಕೆ? ಅದನ್ನೇ ಒಮ್ಮೆ ಸೇಲ್ಸ್‌ನವರ ಮೇಲೆ ಪ್ರಯೋಗಿಸಿ ನೋಡಿದರು. ದೆವ್ವ ಓದಿಕೊಂಡು ಹಿಂದೆ ಹೋಗುತ್ತಿತ್ತು. ಇವರು ಮಾರನೇ ದಿನ ಹತ್ತು ಗಂಟೆಗೆ ಸರಿಯಾಗಿ ಬಂದು ಬೆಲ್ ಒತ್ತಿದರು.

ಹಾಗೆ ಬಂದವರಲ್ಲಿ ಒಬ್ಬ ನೀರಿನ ಫಿಲ್ಟರಿನ ಹುಡುಗ. ಟೈ ಕಟ್ಟಿದ್ದ. ಮಾವ ಸರಪಳಿ, ಲಾಕು, ಎರಡೂ ಚಿಲಕ, ಗ್ರಿಲ್ಲು ಎಲ್ಲ ತಾವೇ ತೆಗೆದು ಒಳಗೆ ಕೂರಿಸಿ, ತಮ್ಮ ರಿಜಿಸ್ಟರಿನಲ್ಲಿ ಹೆಸರು, ವೇಳೆ, ಚಪ್ಪಲಿಯ ಬಣ್ಣ ಬರೆದುಕೊಂಡರು. "ಫ್ರೀ ವಾಟರ್ ಟೆಸ್ಟ್ ಸಾರ್" ಅಂದ ಹುಡುಗ. ಎರಡು ಲೋಟ ತರಿಸಿದ. ಒಂದರಲ್ಲಿ ನಮ್ಮ ನಲ್ಲಿಯ ಕಾವೇರಿ, ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಮೇಲೇರಿ ಬಂದದ್ದು. ಇನ್ನೊಂದರಲ್ಲಿ ಅವನ ಬಾಟಲಿಯ ಫಿಲ್ಟರ್ ನೀರು. ಕಪ್ಪು ಡಬ್ಬಿಯಿಂದ ಇಳಿಬಿದ್ದ ಲೋಹದ ಕಡ್ಡಿಗಳನ್ನು ಎರಡೂ ಲೋಟಕ್ಕೆ ಇಳಿಸಿ ಪ್ಲಗ್ ಹಾಕಿದ. ಒಂದು ನಿಮಿಷದಲ್ಲಿ ಕಾವೇರಿ ಹಳದಿಗೆ ತಿರುಗಿತು, ಆಮೇಲೆ ಕೊಳೆತ ಹಸಿರು, ಆಮೇಲೆ ಕಂದು ಚಕ್ಕೆಗಳು ಮೇಲೆದ್ದು ನೊರೆ ಕಟ್ಟಿದವು. ಅವನ ಲೋಟ ತಿಳಿಯಾಗಿಯೇ ಇತ್ತು.

"ನೋಡಿ ಸಾರ್, ಇಷ್ಟು ವರ್ಷ ನಿಮ್ಮ ಕಿಡ್ನಿಗೆ ಹೋಗಿರೋದು ಇದೇ." ಮಾವ ಸೊಂಟದ ಮೇಲೆ ಕೈಯಿಟ್ಟುಕೊಂಡರು. ಚೆಕ್‌ಬುಕ್ ಎಲ್ಲಿದೆ ಅಂತ ನನ್ನನ್ನು ಕೇಳಿದರು.

ಅತ್ತೆ ಒಳಗಿನಿಂದ ಬಂದರು. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು ಅಂತ ಹುಡುಗನಿಗೆ ಹೇಗೆ ಗೊತ್ತಾಗಬೇಕು? "ತುಂಬಾ ಚೆನ್ನಾಗಿದೆಯಪ್ಪಾ ನಿನ್ನ ಮಿಷನ್ನು" ಅಂದವರೇ ಅಂಗೈಯಲ್ಲಿ ತಂದಿದ್ದ ಉಪ್ಪಿನಲ್ಲಿ ಒಂದು ಚಿಟಿಕೆ ಎತ್ತಿ ಅವನ ತಿಳಿನೀರಿಗೆ ಹಾಕಿ ಚಮಚದಲ್ಲಿ ಕದಡಿದರು. "ಈಗ ಹಾಕು ಪ್ಲಗ್ಗು."

"ಅದು... ಉಪ್ಪು ಹಾಕ್ಬಾರ್ದು ಆಂಟಿ."

"ಯಾಕೆ, ನಿಮ್ಮನೇಲಿ ಸಾರಿಗೆ ಹಾಕಲ್ವಾ? ಹಾಕು."

ಹಾಕಿದ. ಅವನ ನೀರೂ ಹಳದಿಯಾಯಿತು, ಹಸಿರಾಯಿತು, ಚಕ್ಕೆ ಎದ್ದಿತು. ಕಾವೇರಿಗಿಂತ ಒಂದು ಕೈ ಹೆಚ್ಚೇ. ಅತ್ತೆ ಮೇಷ್ಟರ ದನಿಯಲ್ಲೇ ಬಿಡಿಸಿ ಹೇಳಿದರು: ಕಡ್ಡಿಯಲ್ಲಿ ಕಬ್ಬಿಣವಿದೆ. ಕರೆಂಟು ಹರಿದರೆ ಅದೇ ಕರಗಿ ತುಕ್ಕಾಗಿ ಮೇಲೇಳುತ್ತದೆ. ನಲ್ಲಿ ನೀರಿನಲ್ಲಿ ಲವಣ ಇರುವುದರಿಂದ ಕರೆಂಟು ಹರಿಯುತ್ತದೆ, ಫಿಲ್ಟರ್ ನೀರಿನಲ್ಲಿ ಅದನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದಿರುವುದರಿಂದ ಹರಿಯುವುದಿಲ್ಲ. ಕೊಳೆ ನೀರಿನದಲ್ಲ, ಡಬ್ಬಿಯದು. ಮಾವ ರಿಜಿಸ್ಟರಿನಲ್ಲಿ ಹುಡುಗನ ಹೆಸರಿನ ಮುಂದೆ 318 ಅಂತ ಬರೆದು ಕೆಳಗೆ ಗೆರೆ ಎಳೆದರು.

ಹುಡುಗ ವೈರು ಸುತ್ತತೊಡಗಿದ. ಟಾರ್ಗೆಟ್ ಇದೆ ಆಂಟಿ, ಟ್ರೇನಿಂಗಲ್ಲಿ ಹೀಗೇ ಹೇಳಿಕೊಟ್ಟಿದ್ದಾರೆ ಅಂದ. ಬೆಳಿಗ್ಗೆಯಿಂದ ಬಿಸಿಲಲ್ಲಿ ಅಲೆದಿದ್ದನೇನೋ, ಟೈ ಸಡಿಲಿಸಿ, "ಆಂಟಿ, ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?" ಅಂತ ಕೇಳಿದ.

ಅತ್ತೆ ಮೇಜಿನ ಮೇಲೆ ಉಳಿದಿದ್ದ ಅವನ ಬಾಟಲಿಯ ಕಡೆ ಕೈ ತೋರಿಸಿದರು.

"ಬೇಡ ಆಂಟಿ, ಅದು ಸಪ್ಪೆ ಇರುತ್ತೆ. ನಲ್ಲೀದೇ ಕೊಡಿ."